ಭೀಮಶಿ ಸರ್ ಮಾಡಿದ ಖಾಲಿ ಪುಸ್ತಕ

ಭೀಮಶಿ ನಮ್ಮ ಕಾಲೇಜಿಗೆ ಇಂಗ್ಲಿಷ್ ಕಲಿಸಲು ಬಂದದ್ದು ಎರಡು ಸಾವಿರದ ಒಂದನೇ ಇಸವಿಯ ಜುಲೈಯಲ್ಲಿ. ಬನಹಟ್ಟಿಯಿಂದ ತೇರದಾಳದ ಕಡೆ ಹೋಗುವ ರಸ್ತೆಯಲ್ಲಿ, ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಹಿಂದೆ ಇದ್ದ ಖಾಸಗಿ ಡಿಗ್ರಿ ಕಾಲೇಜು ಅದು. ಅದರ ಹೆಸರು ಇಲ್ಲಿ ಬೇಡ. ಇಪ್ಪತ್ತೆಂಟು ವರ್ಷ ಅಲ್ಲಿ ಕನ್ನಡ ಕಲಿಸಿದವನು ನಾನು, ಆ ಕಟ್ಟಡದಲ್ಲಿ ನಡೆದದ್ದರಲ್ಲಿ ನನ್ನ ಪಾಲೂ ಇದೆ.

ಹೊಸಬರು ಬಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಮೊದಲು ಕೇಳುವುದು ಊರು ಯಾವುದು, ಯಾರ ಪೈಕಿ ಎಂದು. ಹುನ್ನೂರ, ಕುರುಬರು, ಅಪ್ಪ ಹೊಳೆಪ್ಪ ಇನ್ನೂ ಕುರಿ ಕಾಯುತ್ತಾನೆ ಎಂದು ಭೀಮಶಿ ಒಂದೇ ಉಸಿರಿನಲ್ಲಿ ಹೇಳಿ ಕುರ್ಚಿ ಎಳೆದುಕೊಂಡು ಕೂತ. ಕುರುಬರ ಹುಡುಗ ಇಂಗ್ಲಿಷ್ ಎಂ.ಎ. ಮಾಡಿದ್ದು ಹೇಗೆ ಎಂಬ ಪ್ರಶ್ನೆ ಕೆಲವರ ಮುಖದಲ್ಲಿ ಇತ್ತು. ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಆಮೇಲೆ ನನಗೊಬ್ಬನಿಗೇ ಅವನು ಅದನ್ನು ಹೇಳಿದ.

ಪಿಯುಸಿಯಲ್ಲಿ ಅವನು ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿದ್ದ. ಮೂರನೆಯ ಸಲಕ್ಕೆ ಜಮಖಂಡಿಯ ರಾಮಲಿಂಗಪ್ಪ ಎಂಬ ನಿವೃತ್ತ ಮಾಸ್ತರರ ಮನೆಗೆ ಹೋಗತೊಡಗಿದ. ಆ ಮಾಸ್ತರರು ವ್ಯಾಕರಣದ ಪುಸ್ತಕ ತೆಗೆಯಲೇ ಇಲ್ಲ. ದಿನಕ್ಕೆ ಐದು ವಾಕ್ಯ ಬರೆದು ತಾ, ಆದರೆ ಆ ದಿನ ನಿನ್ನ ಕಣ್ಣಿಗೆ ಬಿದ್ದದ್ದನ್ನು ಮಾತ್ರ ಬರಿ ಎಂದರು. ಮೊದಲ ದಿನ ಇವನಿಂದ ಆದದ್ದು ಒಂದೇ ವಾಕ್ಯ. ಒಂದು ಕುರಿಮರಿ ಸತ್ತಿತು ಎಂದು. ಅಷ್ಟರಲ್ಲೇ ಮೂರು ತಪ್ಪು. ಮಾಸ್ತರರು ತಪ್ಪು ತಿದ್ದುವ ಮೊದಲು ಮರಿ ಹೇಗೆ ಸತ್ತಿತು ಎಂದು ಕೇಳಿದರು. ಅದನ್ನು ಹೇಳಲು ಇವನಿಗೆ ಇನ್ನೂ ನಾಲ್ಕು ವಾಕ್ಯ ಬೇಕಾದವು. ಎರಡು ವರ್ಷ ಹೀಗೆ ನಡೆಯಿತು. ಮುಂದೆ ಧಾರವಾಡದಲ್ಲಿ ಎಂ.ಎ. ಓದುವಾಗ ಕಾನ್ವೆಂಟಿನಿಂದ ಬಂದ ಹುಡುಗರು ಅವನ ಉಚ್ಚಾರ ಅಣಕಿಸಿ ನಗುತ್ತಿದ್ದರಂತೆ. ಅವನು ಇಂಗ್ಲಿಷ್ ಮಾತಾಡಿದರೆ ಹುನ್ನೂರ ಕೇಳಿಸುತ್ತಿತ್ತು, ನಿಜ. ಆದರೆ ಹೇಳುವುದೇನೂ ಇಲ್ಲದೆ ಅವನು ಬಾಯಿ ತೆರೆದದ್ದನ್ನು ನಾನು ನೋಡಲಿಲ್ಲ.

ನಮ್ಮಲ್ಲಿ ಇಂಗ್ಲಿಷ್ ವಿಭಾಗದ ಮುಖ್ಯಸ್ಥರು ಗಿರಮಲ್ಲಪ್ಪನವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಎಲ್ಲರ ಜೊತೆ ನಗುಮುಖ. ಅವರು ಒಂದು ಗೈಡ್ ಬರೆದಿದ್ದರು. ಬಿ.ಎ. ಹುಡುಗರಿಗೆ ಬೇಕಾದ ಪ್ರಬಂಧ, ಪತ್ರ, ಸಂಭಾಷಣೆ ಎಲ್ಲ ಅದರಲ್ಲಿ ತಯಾರಾಗಿ ಕೂತಿದ್ದವು. ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೇಳುವುದು ಹೇಗೆ ಎಂಬ ಸಂಭಾಷಣೆಯನ್ನು ರೈಲೇ ಇಲ್ಲದ ಊರಿನ ಹುಡುಗರು ಬೆಳಗಾಗೆದ್ದು ಬಾಯಿಪಾಠ ಮಾಡುತ್ತಿದ್ದರು. ಆ ಗೈಡಿನಲ್ಲಿ ತಂದೆಯ ಬಗ್ಗೆ ಒಂದು ಪ್ರಬಂಧವಿತ್ತು. ನನ್ನ ತಂದೆ ರೈತ, ಅವರ ಹತ್ತಿರ ಎರಡು ಎತ್ತುಗಳಿವೆ ಎಂದು ಇರಬೇಕಾದಲ್ಲಿ 'ಬುಲಕ್ಸ್' ಹೋಗಿ 'ಬುಲೆಟ್ಸ್' ಎಂದು ಅಚ್ಚಾಗಿತ್ತು. ಹೀಗಾಗಿ ತಂದೆಯ ಹತ್ತಿರ ಎರಡು ಬಂದೂಕಿನ ಗುಂಡುಗಳಿದ್ದವು, ಅವನು ದಿನಾಲೂ ಅವುಗಳ ಮೈ ತೊಳೆದು ಹುಲ್ಲು ಹಾಕುತ್ತಿದ್ದ. ಐದು ಸಲ ಮರುಮುದ್ರಣವಾದರೂ ಅದು ಹಾಗೇ ಉಳಿದಿತ್ತು. ಬರೆದವರೂ ಅದನ್ನು ತಿರುಗಿ ಓದಿರಲಿಲ್ಲ.

ಭೀಮಶಿ ಗೈಡ್ ಮುಟ್ಟಲಿಲ್ಲ. ರಾಮಲಿಂಗಪ್ಪ ಮಾಸ್ತರರ ಐದು ವಾಕ್ಯವನ್ನೇ ಹಿಡಿದ. ತೊಂಬತ್ತು ಹುಡುಗರ ತರಗತಿ, ತೊಂಬತ್ತು ನೋಟ್‌ಬುಕ್ಕು. ಮಧ್ಯಾಹ್ನದ ರೊಟ್ಟಿ ಒಂದು ಕೈಯಲ್ಲಿ, ಕೆಂಪು ಪೆನ್ನು ಇನ್ನೊಂದು ಕೈಯಲ್ಲಿ. ಆರು ತಿಂಗಳಲ್ಲಿ ಪಾಲಕರ ತಕರಾರು ಬಂತು, ಈ ಸರ್ ನೋಟ್ಸ್ ಕೊಡುವುದಿಲ್ಲ, ಮನೆಯ ಸುದ್ದಿ ಕೇಳುತ್ತಾರೆ ಎಂದು. ಆದರೂ ಹತ್ತು ಹನ್ನೆರಡು ಹುಡುಗರು ಅವನ ಹಿಂದೆ ಬಿದ್ದರು. ಅವರಲ್ಲಿ ಮುಂದೆ ಇದ್ದವಳು ಅಕ್ಷತಾ. ಚಿಮ್ಮಡದ ಚನಮಲ್ಲಪ್ಪನ ಮಗಳು, ಹೊಲಮನೆ ಇದ್ದ ಕುಟುಂಬ. ಅವಳ ನೋಟ್‌ಬುಕ್ಕನ್ನು ಭೀಮಶಿ ಒಮ್ಮೆ ನನಗೆ ತೋರಿಸಿದ. ಎಮ್ಮೆ ಹಾಲು ಕೊಡಲಿಲ್ಲ, ಅವ್ವ ಬೈಯಲಿಲ್ಲ, ಎಮ್ಮೆಯ ಹತ್ತಿರ ಹೋಗಿ ಸುಮ್ಮನೆ ನಿಂತಳು, ನನಗೆ ಭಯವಾಯಿತು ಎಂದು ಮುರುಕು ಇಂಗ್ಲಿಷಿನಲ್ಲಿ ಬರೆದಿದ್ದಳು. ಭೀಮಶಿಯ ಮುಖದಲ್ಲಿ ಆ ದಿನ ಇದ್ದ ಸಂತೋಷ ನನಗೆ ಇನ್ನೂ ನೆನಪಿದೆ.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ನಾವಿಬ್ಬರೂ ಪರೀಕ್ಷೆಯ ಪೇಪರ್ ನೋಡಲು ಮೌಲ್ಯಮಾಪನ ಕೇಂದ್ರಕ್ಕೆ ಹೋದೆವು. ದೊಡ್ಡ ಹಾಲ್, ಒಂದು ಕಡೆ ಕನ್ನಡದವರು, ಇನ್ನೊಂದು ಕಡೆ ಇಂಗ್ಲಿಷಿನವರು. ಇಂಗ್ಲಿಷಿನ ಸಾಲಿಗೆ ಹಿರಿಯರಾಗಿ ಗಿರಮಲ್ಲಪ್ಪನವರೇ ಕೂತಿದ್ದರು. ಆ ವರ್ಷ ತಂದೆಯ ಪ್ರಬಂಧ ಬಂದಿತ್ತು. ಭೀಮಶಿ ಮೊದಲ ಕಟ್ಟು ಬಿಚ್ಚಿದ. ಗುಂಡುಗಳು ಬಂದವು. ಎರಡನೆಯ ಪೇಪರಿನಲ್ಲೂ ಗುಂಡುಗಳು. ಮೊದಲು ಅವನು ನಕ್ಕ. ಇಪ್ಪತ್ತನೆಯ ಪೇಪರಿನ ಹೊತ್ತಿಗೆ ನಗು ನಿಂತಿತ್ತು. ಮಧ್ಯಾಹ್ನದವರೆಗೆ ನೂರಾ ಹನ್ನೊಂದು ತಂದೆಯರು ಗುಂಡುಗಳಿಗೆ ಹುಲ್ಲು ಹಾಕಿದರು. ಹತ್ತಕ್ಕೆ ಎಂಟು ಅಂಕ ಕೊಡಬೇಕೆಂದು ಮುಂದೆ ಇಟ್ಟಿದ್ದ ಮಾದರಿ ಉತ್ತರದಲ್ಲಿ ಇತ್ತು, ಏಕೆಂದರೆ ಮಾದರಿ ಉತ್ತರವೂ ಗೈಡಿನದೇ.

ನಡುವೆ ಒಂದು ಪೇಪರ್ ಬೇರೆ ಬಂತು. ಭೀಮಶಿ ಎದ್ದು ಬಂದು ಅದನ್ನು ನನಗೆ ಓದಿ ಹೇಳಿದ. ನಮ್ಮಪ್ಪ ಬೇರೆಯವರ ಮಗ್ಗದಲ್ಲಿ ನೇಯುತ್ತಾನೆ, ಮನೆಗೆ ಬಂದ ಮೇಲೂ ಚೀರಿ ಮಾತಾಡುತ್ತಾನೆ, ಸಿಟ್ಟಿನಿಂದ ಅಲ್ಲ, ಮಗ್ಗದ ಸಪ್ಪಳಕ್ಕೆ ಅವನ ಕಿವಿ ಹೋಗಿವೆ, ನಾವೂ ಅವನ ಜೊತೆ ಚೀರುತ್ತೇವೆ, ಓಣಿಯವರು ಜಗಳ ಎಂದುಕೊಳ್ಳುತ್ತಾರೆ. ಸಾಲು ಸಾಲಿಗೂ ತಪ್ಪಿತ್ತು. ಅವನು ಅದಕ್ಕೆ ಒಂಬತ್ತು ಹಾಕಿ ಗಿರಮಲ್ಲಪ್ಪನವರ ಮುಂದೆ ಒಯ್ದ. ಈ ಹುಡುಗ ನಿಜವಾಗಿಯೂ ತನ್ನ ಅಪ್ಪನನ್ನು ಬರೆದಿದ್ದಾನೆ, ಓದಿ ನೋಡಿ ಎಂದು ಕೇಳಿಕೊಂಡ.

"ಮಾದರಿ ಉತ್ತರದಾಗ ಐತೇನು?" ಎಂದರು ಅವರು.

"ಇಲ್ರಿ."

"ಹಂಗಾರ ಎರಡ ಹಾಕಿ ಮುಂದ ನಡಿ. ನಾವಿಲ್ಲಿ ಕತಿ ಓದಾಕ ಬಂದಿಲ್ಲ."

ಒಂಬತ್ತನ್ನು ಅವರೇ ಹೊಡೆದು ಎರಡು ಮಾಡಿದರು, ಪಕ್ಕದಲ್ಲಿ ಸಹಿಯನ್ನೂ ಹಾಕಿದರು, ನಗುಮುಖದಿಂದಲೇ. ಭೀಮಶಿ ತನ್ನ ಜಾಗಕ್ಕೆ ಮರಳಿದ. ಸಂಜೆಯ ಕಟ್ಟಿನಲ್ಲಿ ಅವನಿಗೆ ಒಂದು ಪರಿಚಯದ ಅಕ್ಷರ ಕಂಡಿತು. ಪೇಪರಿನ ಮೇಲೆ ಹೆಸರಿರುವುದಿಲ್ಲ, ಆದರೆ ಎರಡು ವರ್ಷ ದಿನಾಲೂ ತಿದ್ದಿದ ಅಕ್ಷರ ಸುಳ್ಳು ಹೇಳುವುದಿಲ್ಲ. ಅದು ಅಕ್ಷತಾಳದು. ಅವಳ ತಂದೆಯ ಹತ್ತಿರವೂ ಎರಡು ಗುಂಡುಗಳಿದ್ದವು.

ಕಾಲೇಜು ಶುರುವಾದ ಮೇಲೆ ಅವಳನ್ನು ಸ್ಟಾಫ್ ರೂಮಿಗೆ ಕರೆದು ಕೇಳಿದ. ನಾನು ಅಲ್ಲೇ ಇದ್ದೆ. ಅವಳು ಮುಚ್ಚಿಡಲಿಲ್ಲ, ಅಳಲೂ ಇಲ್ಲ. ಫೇಲಾದರೆ ಮನೆಯಲ್ಲಿ ಓದು ಬಿಡಿಸಿ ಲಗ್ನ ಮಾಡುತ್ತಾರೆ, ಪೇಪರ್ ನೋಡುವವರು ಭೀಮಶಿ ಸರ್ ಅವರೇ ಎಂದು ತನಗೆ ಯಾರು ಹೇಳಿದ್ದರು ಎಂದಳು.

"ಬುಲೆಟ್ ಅಂದ್ರ ಏನಂತ ಗೊತ್ತಿತ್ತೇನವಾ ನಿನಗ?"

"ಗೊತ್ತಿತ್ರಿ ಸರ್. ಎತ್ತು ಅಂತ ಸರಿ ಮಾಡಿ ಬರದ್ರ ಮಾರ್ಕ್ಸ್ ಹೊಕ್ಕಾವೇನೋ ಅಂತ ಹಂಗಽ ಬಿಟ್ಟೆ."

ಅವಳು ಹೋದ ಮೇಲೆ ಭೀಮಶಿ, ಹುಡುಗಿಯ ಮೇಲೆ ತನಗೆ ಸಿಟ್ಟು ಬರಲಿಲ್ಲ, ಹೇಸಿಗೆ ಬಂತು, ಅದು ಯಾರ ಮೇಲೆ ಎಂದು ತಿಳಿಯುತ್ತಿಲ್ಲ ಎಂದ. ಆ ವಾರವೆಲ್ಲ ಅವನು ಡಬ್ಬಿ ತೆರೆಯದೆ ಮನೆಗೆ ಒಯ್ಯುತ್ತಿದ್ದ. ಅವನ ತಾಯಿ ಲಗಮವ್ವ ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, ತನ್ನ ಕೈಯಡಿಗೆ ಅವನಿಗೆ ರುಚಿಸುತ್ತಿಲ್ಲವೇ ಎಂದು ನನ್ನನ್ನು ಕೇಳಿದಳು.

ಇಲ್ಲಿ ನನ್ನದೊಂದು ಮಾತು ಹೇಳಿಬಿಡಬೇಕು. ರಬಕವಿಯಲ್ಲಿ ಅಪ್ಪಾಸಾಬ ಎಂಬವನ ಝೆರಾಕ್ಸ್ ಅಂಗಡಿಯಿತ್ತು. ಅವನು ಗೈಡುಗಳನ್ನೂ ಅಚ್ಚು ಹಾಕಿಸುತ್ತಿದ್ದ. ಕನ್ನಡದ ಗೈಡ್ ಬರೆದುಕೊಡುತ್ತಿದ್ದವನು ನಾನು. ರಕ್ಷಾಪುಟದ ಮೇಲೆ ನನ್ನ ಹೆಸರಿರಲಿಲ್ಲ, 'ಅನುಭವಿ ಪ್ರಾಧ್ಯಾಪಕರು' ಎಂದಷ್ಟೇ ಇರುತ್ತಿತ್ತು. ಭೀಮಶಿ ನನ್ನ ಮುಂದೆ ಗೈಡುಗಳನ್ನು ಬೈಯುವಾಗ ನಾನು ತಲೆಯಾಡಿಸುತ್ತಿದ್ದೆ.

ಸೆಮಿಸ್ಟರ್ ಪದ್ಧತಿ ಬಂದ ಮೇಲೆ ನೂರರಲ್ಲಿ ಇಪ್ಪತ್ತು ಅಂಕ ಕಾಲೇಜಿನವರ ಕೈಗೆ ಬಂದವು. ಗಿರಮಲ್ಲಪ್ಪನವರು ನಿವೃತ್ತರಾಗಿ ಮನೆಯಲ್ಲಿ ಟ್ಯೂಶನ್ ಹಾಕಿಕೊಂಡರು. ಅಕ್ಷತಾ ಎಂ.ಎ. ಮುಗಿಸಿ ನಮ್ಮಲ್ಲೇ ಅತಿಥಿ ಉಪನ್ಯಾಸಕಿಯಾಗಿ ಸೇರಿದಳು. ಭೀಮಶಿ ಪ್ರಿನ್ಸಿಪಾಲರನ್ನು ಒಪ್ಪಿಸಿ ಒಂದು ಪುಸ್ತಕ ಮಾಡಿದ. ಅದರಲ್ಲಿ ಪಾಠವಿಲ್ಲ, ಉತ್ತರವಿಲ್ಲ. ನಲವತ್ತು ಪ್ರಶ್ನೆ, ಪ್ರತಿ ಪ್ರಶ್ನೆಯ ಕೆಳಗೆ ಹನ್ನೆರಡು ಖಾಲಿ ಗೆರೆ. ಇಂದು ಮುಂಜಾನೆ ನಿಮ್ಮ ತಾಯಿ ನಿಮಗೆ ಏನು ಹೇಳಿದಳು? ನಿಮ್ಮ ಓಣಿಯಲ್ಲಿ ಎಂಥ ಸಪ್ಪಳ ಕೇಳುತ್ತದೆ? ಬಸ್ಸಿನಲ್ಲಿ ಯಾರು ಯಾರ ಜೊತೆ ಜಗಳಾಡಿದರು? ಹೊಳೆ ತುಂಬಿದಾಗ ನಿಮ್ಮ ಕಡೆ ಯಾವ ದಾರಿ ಮುಚ್ಚುತ್ತದೆ? ಎಲ್ಲ ಸಾದಾ ಇಂಗ್ಲಿಷಿನಲ್ಲಿ. ಆ ಇಪ್ಪತ್ತು ಅಂಕ ಇದರ ಮೇಲೆಯೇ, ಸ್ವಲ್ಪ ಬರೆಯುವುದು, ಸ್ವಲ್ಪ ಎದುರಿಗೆ ಕೂತು ಹೇಳುವುದು.

ಮೊದಲ ಸೆಮಿಸ್ಟರ್ ಚೆನ್ನಾಗಿ ಹೋಯಿತು. ಎಷ್ಟು ಚೆನ್ನಾಗಿ ಎಂದರೆ, ಕನ್ನಡದ ನಾನೇ ಆ ಪುಸ್ತಕಗಳನ್ನು ಇಸಿದುಕೊಂಡು ಓದುತ್ತಿದ್ದೆ. ಬೀಳಗಿ ಕಡೆಯ, ಅಣೆಕಟ್ಟಿನ ನೀರಿಗೆ ಮುಳುಗಡೆಯಾದ ಊರಿನ ಒಬ್ಬ ಹುಡುಗಿ ರಬಕವಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಹಳೆಯ ಊರಿನಲ್ಲಿ ಬಾವಿಗೂ ಹೆಸರಿತ್ತು, ಹೊಸ ಊರಿನಲ್ಲಿ ರಸ್ತೆಗೂ ಬರೀ ನಂಬರು, ಅಜ್ಜಿಗೆ ನಂಬರು ಓದಲು ಬರುವುದಿಲ್ಲ, ಹೀಗಾಗಿ ಅವಳು ಹೊರಗೆ ಹೋಗುವುದಿಲ್ಲ ಎಂದು ಬರೆದಿದ್ದಳು. ಭೀಮಶಿ ಅದರಲ್ಲಿ ಎರಡೇ ತಪ್ಪು ತಿದ್ದಿದ್ದ.

ಎರಡನೆಯ ವರ್ಷದ ಆಗಸ್ಟಿನಲ್ಲಿ ಅಪ್ಪಾಸಾಬನ ಅಂಗಡಿಯಲ್ಲಿ ಗುಲಾಬಿ ರಕ್ಷಾಪುಟದ ಒಂದು ಪುಸ್ತಕ ಕಂಡಿತು. ಭೀಮಶಿಯ ನಲವತ್ತು ಪ್ರಶ್ನೆ, ನಲವತ್ತಕ್ಕೂ ಉತ್ತರ. ಹನ್ನೆರಡು ಗೆರೆಗೆ ಸರಿಯಾಗಿ ಹನ್ನೆರಡು ಸಾಲು. ಬರೆದವರು ಅನುಭವಿ ಪ್ರಾಧ್ಯಾಪಕರು. ಮುಂಜಾನೆ ತಾಯಿ ಏನು ಹೇಳಿದಳು ಎಂಬ ಪ್ರಶ್ನೆಗೆ 'ಗೆಟ್ ಅಪ್ ಅರ್ಲಿ, ಮೈ ಡಿಯರ್ ಸನ್' ಎಂದು ಹೇಳಿದಳು ಎಂಬುದು ಉತ್ತರ. ಒಂದು ತಿಂಗಳಲ್ಲಿ ಎಲ್ಲ ಹುಡುಗರ ತಾಯಂದಿರೂ ಅದನ್ನೇ ಹೇಳತೊಡಗಿದರು. ಹುಡುಗಿಯರಿಗೂ ಮೈ ಡಿಯರ್ ಸನ್ ಎಂದರು.

ಭೀಮಶಿ ಆ ಪುಸ್ತಕ ಹಿಡಿದು ನನ್ನ ಹತ್ತಿರ ಬಂದ. ಇದು ನಿಮ್ಮ ಕೆಲಸವೇ ಎಂದು ಕೇಳಿದ. ಅಂದರೆ ಆ ಹೆಸರಿನ ಹಿಂದೆ ಯಾರಿದ್ದರು ಎಂಬುದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಕನ್ನಡದ್ದು ಮಾತ್ರ ನನ್ನದು ಎಂದೆ. ಹಾಗೆ ಹೇಳುವಾಗ ನನಗೆ ನನ್ನ ದನಿಯೇ ಅಸಹ್ಯವೆನಿಸಿತು. ಇಂಗ್ಲಿಷಿನದು ಯಾರದೆಂದು ಅಂದೇ ಸಂಜೆ ತಿಳಿಯಿತು. ಗಿರಮಲ್ಲಪ್ಪನವರು ಹೇಳಿದ್ದಕ್ಕೆ ಅಕ್ಷತಾ ಬರೆದಿದ್ದಳು. ಕೇಳಿದರೆ ಅವಳು ಆಗಲೂ ಮುಚ್ಚಿಡಲಿಲ್ಲ. ಹುಡುಗರು ಮನೆಯವರೆಗೆ ಬಂದು ಅಳುತ್ತಿದ್ದರು ಎಂದಳು.

"ಖಾಲಿ ಗೆರಿ ನೋಡಿದ್ರ ಹೆದರಿಕಿ ಬರ್ತೈತ್ರಿ ಸರ್ ಅವ್ರಿಗೆ. ನಿಮ್ಮ ಕ್ಲಾಸಿನ್ಯಾಗ ನಾನೂ ಹೆದರತಿದ್ದೆ. ನಿಮಗ ಅದು ಗೊತ್ತಾಗಲಿಲ್ಲ."

ಭೀಮಶಿ ಆ ಸೆಮಿಸ್ಟರ್ ಮುಗಿದು ಫಲಿತಾಂಶ ಬಂದ ಮೇಲೆ ಪ್ರಶ್ನೆಗಳನ್ನು ಬದಲಿಸೋಣ ಎಂದು ಪ್ರಿನ್ಸಿಪಾಲರ ಹತ್ತಿರ ಹೋದ. ಅವರು ಒಪ್ಪಲಿಲ್ಲ. ಇಂಗ್ಲಿಷಿನ ಫಲಿತಾಂಶ ನೂರಕ್ಕೆ ತೊಂಬತ್ತೆಂಟಕ್ಕೆ ಏರಿತ್ತು, ಆಡಳಿತ ಮಂಡಳಿ ಸಭೆ ಕರೆದು ಭೀಮಶಿಗೇ ಶಾಲು ಹೊದಿಸಿತ್ತು. ಆ ಶಾಲು ಹೊದ್ದು ಅವನು ವೇದಿಕೆಯ ಮೇಲೆ ಕೂತಿದ್ದ ರೀತಿ, ಯಾರೋ ಒದ್ದೆ ಗೋಣಿಚೀಲ ಹೆಗಲಿಗೆ ಹಾಕಿದಂತಿತ್ತು.

ಎರಡು ಸಾವಿರದ ಹನ್ನೊಂದರ ನವೆಂಬರಿನಲ್ಲಿ ಮೌಖಿಕ ಪರೀಕ್ಷೆ ನಡೆಯಿತು. ನಿಯಮದ ಪ್ರಕಾರ ಬೇರೆ ವಿಭಾಗದವರೊಬ್ಬರು ಜೊತೆಗೆ ಕೂರಬೇಕು, ನಾನು ಕೂತಿದ್ದೆ. ಹುಡುಗರು ಒಬ್ಬೊಬ್ಬರಾಗಿ ಬಂದು ಗುಲಾಬಿ ಪುಸ್ತಕ ಒಪ್ಪಿಸಿ ಹೋಗುತ್ತಿದ್ದರು. ಹೊರಗೆ ಕಾರಿಡಾರಿನಲ್ಲಿ ಅದೇ ಸಾಲುಗಳ ಗುನುಗು, ಜೇನ್ನೊಣದ ಹಾಗೆ. ಭೀಮಶಿ ತಲೆಯೆತ್ತದೆ ಅಂಕ ಹಾಕುತ್ತಿದ್ದ.

ಮಧ್ಯಾಹ್ನ ವೀರೇಶ ಬಂದ. ಅವನನ್ನು ಗುರುತಿಸದವರು ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಅವನ ತಾಯಿ ಸಿದ್ದಕ್ಕ ಗೇಟಿನ ಎದುರು ಚುರಮರಿ, ಮಿರ್ಚಿಭಜಿ ಮಾರುತ್ತಿದ್ದವಳು. ಭೀಮಶಿಗೆ ಊಟ ರುಚಿಸದ ದಿನಗಳಲ್ಲಿ ಅವಳೇ ಬೈದು ಒಂದು ಪ್ಲೇಟ್ ಚುರಮರಿ ತಿನ್ನಿಸುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಕಾಮಾಲೆಯಾಗಿ ತೀರಿಕೊಂಡಿದ್ದಳು. ನಾವೆಲ್ಲ ಮಣ್ಣಿಗೆ ಹೋಗಿದ್ದೆವು.

ಭೀಮಶಿ ಅವನಿಗೆ ತಾಯಿಯ ಪ್ರಶ್ನೆ ಬಿಟ್ಟು ಓಣಿಯ ಸಪ್ಪಳದ ಪ್ರಶ್ನೆ ಕೇಳಿದ. ಹುಡುಗನಿಗೆ ಅದರ ಸಾಲುಗಳು ಮರೆತಿದ್ದವು. ಬೆವರಿದ. ಬೇರೆ ಕೇಳಿ ಎಂದು ಬೇಡಿಕೊಂಡ. ಭೀಮಶಿ ಇನ್ನೊಂದು ಕೇಳುವುದರೊಳಗೆ ಅವನು ತನಗೆ ಪಕ್ಕಾ ಬರುತ್ತಿದ್ದ ಉತ್ತರವನ್ನು ತಾನೇ ಶುರು ಮಾಡಿದ. ಇಂದು ಮುಂಜಾನೆ ನನ್ನ ತಾಯಿ ನನಗೆ ಹೇಳಿದಳು, ಗೆಟ್ ಅಪ್ ಅರ್ಲಿ, ಮೈ ಡಿಯರ್ ಸನ್. ಅವಳು ನನಗೆ ಬಿಸಿ ಹಾಲು ಕೊಟ್ಟಳು. ಅವಳ ಮುಖ ಚಂದ್ರನ ಹಾಗಿತ್ತು. ಕೈಕಟ್ಟಿ, ಗೋಡೆ ನೋಡುತ್ತ, ಒಂದೂ ತಪ್ಪಿಲ್ಲದೆ ಹನ್ನೆರಡು ಸಾಲು ಮುಗಿಸಿದ.

"ವೀರೇಶಾ," ಎಂದ ಭೀಮಶಿ, "ನಿಮ್ಮವ್ವ ಹೋಗಿ ನಾಕ ವರ್ಷ ಆತಲ್ಲೋ."

"ಹೌದ್ರಿ ಸರ್."

"ಮತ್ತ ಇದೇನ ಹೇಳಾಕತ್ತೀ?"

ಹುಡುಗ ನಿಜವಾಗಿಯೂ ಗೊಂದಲಕ್ಕೆ ಬಿದ್ದ. ಎಲ್ಲಿ ತಪ್ಪಾಯಿತೆಂದು ಮನಸ್ಸಿನಲ್ಲೇ ಸಾಲುಗಳನ್ನು ಮತ್ತೆ ಎಣಿಸಿದಂತೆ ಕಂಡಿತು. "ಉತ್ತರ ಹಿಂಗಽ ಐತ್ರಿ ಸರ್," ಎಂದ.

ಭೀಮಶಿ ಅವನನ್ನು ಬೈಯಲಿಲ್ಲ. ಹೋಗು ಎಂದು ಕೈ ಮಾಡಿದ. ಹುಡುಗ ನನ್ನ ಕಡೆ ನೋಡಿದ, ಅಂಕ ಬಿತ್ತೋ ಇಲ್ಲವೋ ಎಂಬ ಚಿಂತೆಯಲ್ಲಿ. ಅವನು ಹೊರಗೆ ಹೋದ ಮೇಲೆ ಭೀಮಶಿ ಪೆನ್ನಿನ ಟೊಪ್ಪಿಗೆ ಹಾಕಿ ಎದ್ದು ಮೋರಿಯ ಕಡೆ ಹೋದ. ಸ್ವಲ್ಪ ಹೊತ್ತಾದರೂ ಬರಲಿಲ್ಲವೆಂದು ನಾನು ಹೋಗಿ ನೋಡಿದರೆ, ಗೋಡೆ ಹಿಡಿದು ಬಗ್ಗಿದ್ದ. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರೀ ನೀರು ಬೀಳುತ್ತಿತ್ತು. ನಾನು ಬೆನ್ನ ಮೇಲೆ ಕೈ ಇಡಲು ಹೋದೆ. ಅವನು ಸರಿದು ನಿಂತ.

"ಸತ್ತ ಸಿದ್ದಕ್ಕನ ಬಾಯಾಗ ಆ ಮಾತು ಹಾಕಿದಾವ ನಾನಽ ರೀ," ಎಂದ. "ಪ್ರಶ್ನೆ ನಂದು."

ವೀರೇಶನ ಅಂಕವನ್ನೂ ಉಳಿದ ಹುಡುಗರ ಪರೀಕ್ಷೆಯನ್ನೂ ಅಕ್ಷತಾಳನ್ನು ಕರೆದು ಮುಗಿಸಿದೆವು. ಭೀಮಶಿ ಆ ಸೆಮಿಸ್ಟರ್ ಮುಗಿಯುವವರೆಗೆ ಬಂದ, ಪಾಠ ಮಾಡಿದ, ಯಾರ ಜೊತೆಗೂ ಜಗಳ ತೆಗೆಯಲಿಲ್ಲ. ಜನವರಿಯಲ್ಲಿ ಬರಲಿಲ್ಲ. ಎರಡು ಸಾಲಿನ ರಾಜೀನಾಮೆ ಅಂಚೆಯಲ್ಲಿ ಬಂತು, ಕನ್ನಡದಲ್ಲಿ. ಇಂಗ್ಲಿಷ್ ಮೇಷ್ಟರು ಕನ್ನಡದಲ್ಲಿ ಬರೆದಿದ್ದಾರೆ ಎಂದು ಪ್ರಿನ್ಸಿಪಾಲರು ನಕ್ಕು ಅದನ್ನು ಫೈಲಿಗೆ ಹಾಕಿದರು. ಅವನ ಜಾಗ ಅಕ್ಷತಾಳಿಗೆ ಹೋಯಿತು. ಅವಳು ಕೆಟ್ಟವಳೆಂದು ನಾನು ಇವತ್ತಿಗೂ ಹೇಳಲಾರೆ. ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು, ಹುಡುಗರು ಪಾಸಾಗುತ್ತಿದ್ದರು. ನಾನು ಗೈಡ್ ಬರೆಯುವುದನ್ನು ಬಿಟ್ಟೆ. ಬಿಟ್ಟರೇನು, ಮೊದಲು ಬರೆದದ್ದನ್ನೇ ಅಪ್ಪಾಸಾಬ ವರ್ಷಾ ವರ್ಷಾ ಅಚ್ಚು ಹಾಕುತ್ತಲೇ ಇದ್ದ.

ಎರಡು ವರ್ಷದ ಮೇಲೆ ಮುಧೋಳದ ಮೇಲೆ ಹಾದು ಹೋಗುವ ಬಸ್ಸಿನಲ್ಲಿ ಭೀಮಶಿ ಸಿಕ್ಕ. ಆ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಯಂತ್ರಗಳ ಜೊತೆ ಬರುವ ಇಂಗ್ಲಿಷ್ ಕೈಪಿಡಿಗಳನ್ನು ಓದಿ ಫಿಟರ್‌ಗಳಿಗೆ ತಿಳಿಸಿ ಹೇಳುವುದು, ಕಂಪನಿಗಳಿಗೆ ಪತ್ರ ಬರೆಯುವುದು. ಹೇಗಿದೆ ಎಂದೆ. ವಾಲ್ವ್ ಯಾವ ಕಡೆ ತಿರುಗಿಸಬೇಕು ಎಂದು ಅವರು ಕೇಳುತ್ತಾರೆ, ತಾನು ಓದಿ ಹೇಳುತ್ತೇನೆ, ತಿರುಗಿಸುತ್ತಾರೆ, ಅಷ್ಟೇ ಎಂದ. ಇಬ್ಬರು ಫಿಟರ್‌ಗಳು ಈಗ ತಾವೇ ಓದಿಕೊಳ್ಳುತ್ತಾರಂತೆ. ಅದನ್ನು ಹೇಳುವಾಗಲೂ ಅವನ ಮುಖದಲ್ಲಿ ಹಳೆಯ ಸಂತೋಷವೇನೂ ಕಾಣಲಿಲ್ಲ. ನಾನು ಕಾಲೇಜಿನ ಸುದ್ದಿ ತೆಗೆದೆ. ಕೈ ಅಡ್ಡ ಹಿಡಿದು, ಅದು ಬೇಡ ಎಂದ.

ಲೋಕಾಪುರದವರೆಗೆ ಹೋಗುವವನು ನಾನು, ಅವನು ಮೊದಲೇ ಇಳಿಯಬೇಕಿತ್ತು. ಇಳಿಯುವ ಮೊದಲು ತಾನೇ ಕೇಳಿದ, ವೀರೇಶನಿಗೆ ಕೊನೆಗೆ ಎಷ್ಟು ಬಿತ್ತು ಎಂದು. ಇಪ್ಪತ್ತಕ್ಕೆ ಹತ್ತೊಂಬತ್ತು ಎಂದೆ. ಒಂದು ಯಾಕೆ ಕಡಿಮೆ ಎಂದ. ಬರೆಯುವ ಪರೀಕ್ಷೆಯಲ್ಲಿ ಒಂದು ಸ್ಪೆಲಿಂಗ್ ತಪ್ಪಿತ್ತಂತೆ ಎಂದು ಹೇಳಿದೆ. ಅವನು ಕಿಟಕಿಯ ಕಡೆ ತಿರುಗಿದ. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು, ಬಸ್ಸು ಅವುಗಳ ಪಕ್ಕದಲ್ಲಿ ನಿಧಾನಕ್ಕೆ ಸಾಗುತ್ತಿತ್ತು. ಕಂಡಕ್ಟರ್ ಸೀಟಿ ಊದಿದ. ಭೀಮಶಿ ಚೀಲ ಎತ್ತಿಕೊಂಡು ಇಳಿದು ಹೋದ.